ಮಾತಿನ ಧಾಟಿ ಕೇಳಿ ಮನುಷ್ಯರನ್ನು ಅಳೆಯುವ ಅಭ್ಯಾಸ

ಮಾನ್ಯ ಸಂಪಾದಕರೇ,

ಕನ್ನಡಿಗರಿಬ್ಬರು ಮೊದಲ ಸಲ ಭೇಟಿಯಾದಾಗ ನಾಲ್ಕು ಮಾತು ಮುಗಿಯುವಷ್ಟರಲ್ಲಿ ‘ನಿಮ್ಮದು ಯಾವ ಕಡೆ ಆಯ್ತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ, ಪರಿಚಯ ಬೆಳೆಯುವುದೇ ಹೀಗೆ. ಆದರೆ ಉತ್ತರ ಬರುವುದಕ್ಕೆ ಮೊದಲೇ, ಎದುರಿನವರ ಮಾತಿನ ಧಾಟಿಯಿಂದಲೇ, ನಾವು ಅವರ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿರುತ್ತೇವೆ. ಹುಬ್ಬಳ್ಳಿ–ಧಾರವಾಡದ ಕಡೆಯವರು ಜಗಳಕ್ಕೆ ನಿಂತವರಂತೆ ಮಾತನಾಡುತ್ತಾರೆ, ಮಂಡ್ಯದವರ ಮಾತು ಒರಟು, ಮಂಗಳೂರಿನವರದು ಪುಸ್ತಕದ ಕನ್ನಡ, ಕುಂದಾಪುರದ್ದು ಅರ್ಥವೇ ಆಗುವುದಿಲ್ಲ ಎಂಬ ಮಾತುಗಳನ್ನು ಓದಿದವರು, ಸಜ್ಜನರು, ಬೇರೆ ವಿಷಯಗಳಲ್ಲಿ ಬಹಳ ಎಚ್ಚರದಿಂದ ಮಾತನಾಡುವವರು ಕೂಡ ಸಲೀಸಾಗಿ ಆಡಿಬಿಡುತ್ತಾರೆ. ಜಾತಿಯ ಬಗ್ಗೆಯೋ ಮೈಬಣ್ಣದ ಬಗ್ಗೆಯೋ ಸಭೆಯಲ್ಲಿ ಬಾಯಿ ಬಿಡಲು ಹಿಂಜರಿಯುವವರಿಗೆ ಮಾತಿನ ಧಾಟಿಯ ಬಗ್ಗೆ ಆ ಹಿಂಜರಿಕೆ ಇರುವುದಿಲ್ಲ. ಇದು ನಿರುಪದ್ರವಿ ತಮಾಷೆಯಾಗಿ ಉಳಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಂಕ ಕೊಡುವಾಗ, ಕೆಲಸಕ್ಕೆ ಆರಿಸುವಾಗ, ಒಬ್ಬರ ಮಾತನ್ನು ನಂಬಬೇಕೇ ಬೇಡವೇ ಎಂದು ನಿರ್ಧರಿಸುವಾಗ ಈ ತೀರ್ಮಾನ ನಮಗೇ ತಿಳಿಯದಂತೆ ಕೆಲಸ ಮಾಡುತ್ತದೆ ಎಂಬುದು ನನ್ನ ಅಳಲು.

ಕನ್ನಡ ಅಧ್ಯಾಪಕನಾಗಿದ್ದ ಕಾಲದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆಯೊಂದಕ್ಕೆ ತೀರ್ಪುಗಾರರಲ್ಲಿ ಒಬ್ಬನಾಗಿ ಹೋಗಿದ್ದೆ. ಮಕ್ಕಳ ಸಂಖ್ಯೆ ಕಡಿಮೆಯಿರುವ ಹಳ್ಳಿ ಶಾಲೆಗಳನ್ನು ಪಕ್ಕದ ಊರಿನ ಶಾಲೆಗಳೊಂದಿಗೆ ವಿಲೀನ ಮಾಡಬೇಕೇ ಎಂಬುದು ಅಂದಿನ ವಿಷಯ. ಕಲಬುರಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು ವಿಲೀನವನ್ನು ವಿರೋಧಿಸಿ ಮಾತನಾಡಿದಳು. ಶಾಲೆ ದೂರವಾದಾಗ ಗಂಡುಮಕ್ಕಳು ಸೈಕಲ್ ಹತ್ತಿ ಹೋಗುತ್ತಾರೆ, ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಾರೆ ಎಂಬಲ್ಲಿಂದ ಹೊರಟು, ಬಿಸಿಯೂಟ, ಮಳೆಗಾಲದ ಹಳ್ಳ, ಕೂಲಿಗೆ ಹೋಗುವ ತಾಯಿ, ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಎಲ್ಲವನ್ನೂ ಒಂದಕ್ಕೊಂದು ಬಿಗಿದು ಆಕೆ ಕಟ್ಟಿದ ವಾದಕ್ಕೆ ಸಮನಾದ ಇನ್ನೊಂದು ವಾದ ಆ ದಿನ ಕೇಳಿಬರಲಿಲ್ಲ. ಸಿದ್ಧಪಡಿಸಿಕೊಂಡು ಬಂದ ಭಾಗವನ್ನು ಗ್ರಾಂಥಿಕ ಕನ್ನಡದಲ್ಲಿಯೇ ಹೇಳಿದ ಆಕೆ, ಎದುರು ಪಕ್ಷದವರ ಪ್ರಶ್ನೆಗೆ ಉತ್ತರಿಸುವ ಆವೇಶದಲ್ಲಿ ತನ್ನ ಮನೆಯ ಮಾತಿಗೆ ಹೊರಳಿ, ‘ಸಾಲಿ ಮುಚ್ಚಿದ್ರ ಹುಡುಗ್ಯಾರನ್ನ ಯಾರ್ ಕಳಸ್ತಾರ್ರೀ?’ ಎಂದಳು. ಸಭಾಂಗಣದ ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಯಾರೋ ‘ರೀ’ ಎಂಬುದನ್ನು ಎಳೆದು ಕೂಗಿದರು. ಆಕೆ ಮಾತು ನಿಲ್ಲಿಸಿ, ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ನೋಡಿ, ಉಳಿದ ಉತ್ತರವನ್ನು ಎರಡೇ ವಾಕ್ಯದಲ್ಲಿ ಮುಗಿಸಿ ಕುಳಿತುಬಿಟ್ಟಳು.

ಅಂಕಪಟ್ಟಿಗಳನ್ನು ಕೂಡಿಸುವಾಗ ನನ್ನ ಜೊತೆಯ ತೀರ್ಪುಗಾರರು ‘ಭಾಷೆ’ ಎಂಬ ಕಾಲಮಿನಲ್ಲಿ ಆಕೆಗೆ ಹತ್ತಕ್ಕೆ ನಾಲ್ಕು ಕೊಟ್ಟು, ಪಕ್ಕದಲ್ಲಿ ‘ಉಚ್ಚಾರದಲ್ಲಿ ಪ್ರಾದೇಶಿಕ ಛಾಯೆ’ ಎಂದು ಬರೆದಿರುವುದು ಕಂಡಿತು. ನಾನು ಆಕ್ಷೇಪಿಸಿದಾಗ ಅವರು ಶಾಂತವಾಗಿ, ‘ಭಾಷಾಶುದ್ಧಿಗೂ ಅಂಕ ಇದೆಯಲ್ಲ, ಸರ್’ ಎಂದರು. ಬಹುಮಾನ ಪಡೆದ ಹುಡುಗನ ಮಾತಿನಲ್ಲಿ ಮೂರು ಪದಕ್ಕೊಂದು ಇಂಗ್ಲಿಷ್ ಪದವಿತ್ತು, ಬೆಂಗಳೂರಿನ ಬಡಾವಣೆಗಳ ಧಾಟಿ ಎದ್ದು ಕೇಳುತ್ತಿತ್ತು. ಅದನ್ನು ಛಾಯೆ ಎಂದು ಯಾರೂ ಬರೆದುಕೊಳ್ಳಲಿಲ್ಲ. ರಾಜಧಾನಿಯ ಧಾಟಿ ನಮ್ಮ ಕಿವಿಗೆ ಧಾಟಿಯಾಗಿಯೇ ಕೇಳಿಸದಷ್ಟು ಅಭ್ಯಾಸವಾಗಿದೆ. ಉಳಿದವರೆಲ್ಲ ರಾಗ ಎಳೆಯುವವರು, ಅದೊಂದು ಮಾತ್ರ ಸಹಜವಾದದ್ದು ಎಂಬ ಈ ನಂಬಿಕೆಯಿಂದಲೇ ಉಳಿದ ಎಲ್ಲ ಅನ್ಯಾಯ ಹುಟ್ಟುತ್ತದೆ.

ಧ್ವನಿಯಲ್ಲಿಯೇ ಮೇಲು ಕೀಳು ಇರುವುದಾದರೆ ಆ ನಂಬಿಕೆಗೆ ಒಂದು ಆಧಾರವಾದರೂ ಸಿಗುತ್ತಿತ್ತು. ಅದು ಸಿಗುವುದಿಲ್ಲ ಎಂಬುದಕ್ಕೆ ‘ಹ’ಕಾರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹಳೆಯ ಮೈಸೂರಿನ ಹಳ್ಳಿಗಾಡಿನಲ್ಲಿ ‘ಹಳ್ಳಿ’ಯನ್ನು ‘ಅಳ್ಳಿ’ ಎಂದೂ ‘ಹಾಲು’ ಎಂಬುದನ್ನು ‘ಆಲು’ ಎಂದೂ ಹೇಳುವವರನ್ನು ನಾವು ತಿದ್ದುತ್ತೇವೆ, ನಗುತ್ತೇವೆ, ಹಾಸ್ಯದ ದೃಶ್ಯಗಳಲ್ಲಿ ಅದನ್ನೇ ಮತ್ತೆ ಮತ್ತೆ ಬಳಸುತ್ತೇವೆ. ಆದರೆ ಹಳಗನ್ನಡದಲ್ಲಿ ಈ ಪದಗಳು ‘ಪಳ್ಳಿ’, ‘ಪಾಲ್’ ಎಂದಿದ್ದವು. ‘ಹೆಸರು’ ಎಂಬುದು ‘ಪೆಸರ್’ ಆಗಿತ್ತು, ‘ಹೂವು’ ‘ಪೂ’ ಆಗಿತ್ತು. ಕೆಲವು ಶತಮಾನಗಳ ಅವಧಿಯಲ್ಲಿ ಪದದ ಮೊದಲಿನ ಪಕಾರ ಸಡಿಲಗೊಂಡು ಹಕಾರವಾಯಿತು, ನಡುಗನ್ನಡದ ಹೊತ್ತಿಗೆ ಹೊಸ ರೂಪವೇ ನೆಲೆಯಾಯಿತು. ಅಂದರೆ ಇಂದು ನಾವು ಶುದ್ಧವೆಂದು ಕಾಪಾಡುತ್ತಿರುವ ‘ಹಳ್ಳಿ’ ಪಂಪನ ಕಿವಿಗೆ ಬಿದ್ದಿದ್ದರೆ ಸಡಿಲ ಉಚ್ಚಾರವಾಗಿ ಕೇಳಿಸುತ್ತಿತ್ತು. ಅದೇ ಸಡಿಲಿಕೆ ಇನ್ನೊಂದು ಹೆಜ್ಜೆ ಮುಂದೆ ಹೋದಾಗ ‘ಅಳ್ಳಿ’ ಬರುತ್ತದೆ. ಮೊದಲ ಹೆಜ್ಜೆಯನ್ನು ಭಾಷೆಯ ಬೆಳವಣಿಗೆ ಎಂದು ತರಗತಿಯಲ್ಲಿ ಪಾಠ ಮಾಡಿ, ಎರಡನೆಯದನ್ನು ಅಜ್ಞಾನವೆಂದು ಅದೇ ತರಗತಿಯಲ್ಲಿ ತಿದ್ದುವುದಕ್ಕೆ ಭಾಷೆಯೊಳಗಿನ ಕಾರಣ ಯಾವುದೂ ಇಲ್ಲ. ಇರುವ ಕಾರಣ ಹೊರಗಿನದು: ಎರಡನೆಯ ಹೆಜ್ಜೆಯನ್ನು ಇಟ್ಟವರು ಶಾಲೆಯ ಮೆಟ್ಟಿಲನ್ನು ತಡವಾಗಿ ಹತ್ತಿದವರು.

ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕನ್ನಡದ ಆಡುಮಾತು ಊರಿನಿಂದ ಊರಿಗೆ ಮಾತ್ರವಲ್ಲದೆ ಜಾತಿಯಿಂದ ಜಾತಿಗೂ ಬೇರೆಯಾಗುವುದನ್ನು ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ಅವರಂಥವರು 1960ರ ಸುಮಾರಿಗೇ ಗುರುತಿಸಿ ಬರೆದಿದ್ದಾರೆ. ಪ್ರಾದೇಶಿಕ ಉಚ್ಚಾರದ ಬಗ್ಗೆ ನಾವು ಆಡುವ ಎಷ್ಟೋ ಮಾತುಗಳ ಹಿಂದೆ ಊರಿನ ಹೆಸರಿನ ಮರೆಯಲ್ಲಿ ಜಾತಿ, ವರ್ಗಗಳ ತೀರ್ಮಾನವೂ ಇರುತ್ತದೆ. ಈ ಭಯ ಎಂಥದ್ದೆಂದರೆ, ನಗೆಪಾಟಲಾಗುವ ಅಂಜಿಕೆಯಿಂದ ಮಕ್ಕಳು ‘ಹ’ ಇಲ್ಲದ ಕಡೆಯೂ ‘ಹ’ ಸೇರಿಸಿ, ‘ಆದರೆ’ ಎಂಬುದನ್ನು ‘ಹಾದರೆ’ ಎಂದು ಓದುವುದನ್ನು ನಾನು ಎಷ್ಟೋ ತರಗತಿಗಳಲ್ಲಿ ಕೇಳಿದ್ದೇನೆ. ಅದು ತಿಳಿಯದೆ ಮಾಡಿದ ತಪ್ಪಲ್ಲ, ತಪ್ಪಾದೀತೆಂಬ ಹೆದರಿಕೆ ಮಾಡಿಸಿದ ತಪ್ಪು. ಅದಕ್ಕೂ ತರಗತಿ ನಗುತ್ತದೆ. ಆಮೇಲೆ ಆ ಮಗು ಓದಲು ಎದ್ದು ನಿಲ್ಲುವುದಿಲ್ಲ.

ಯಾವ ಸೀಮೆಯ ಮಾತು ಶ್ರೇಷ್ಠ ಎಂಬ ನಮ್ಮ ಗ್ರಹಿಕೆ ಕಾಲಕಾಲಕ್ಕೆ ಊರು ಬದಲಿಸಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ಪ್ರದೇಶದ ಕನ್ನಡವನ್ನು ತಿರುಳ್ಗನ್ನಡವೆಂದು ಕರೆಯುತ್ತದೆ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಹತ್ತನೆಯ ಶತಮಾನದ ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಇಂದು ಬೆಂಗಳೂರಿನ ಕಚೇರಿಯಲ್ಲಿ ಕೊಪ್ಪಳದ ತರುಣನೊಬ್ಬ ಬಾಯಿ ತೆರೆದರೆ ನಗುವ ನಾವು, ಒಂದು ಕಾಲದಲ್ಲಿ ಕನ್ನಡದ ತಿರುಳು ಯಾವ ನೆಲದ್ದೆಂದು ಕವಿಗಳು ತಿಳಿದಿದ್ದರೋ ಆ ನೆಲದವನನ್ನು ನೋಡಿ ನಗುತ್ತಿದ್ದೇವೆ. ಅಂದು ಅಧಿಕಾರ, ವಿದ್ಯೆ, ದಾನದತ್ತಿಗಳ ಕೇಂದ್ರಗಳು ಅಲ್ಲಿದ್ದವು, ಇಂದು ಇನ್ನೊಂದು ಕಡೆ ಇವೆ. ಅದೇ ಕವಿರಾಜಮಾರ್ಗದಲ್ಲಿ ನನಗೆ ಇನ್ನೂ ಹೆಚ್ಚು ಪ್ರಿಯವಾದ ಮಾತೊಂದಿದೆ: ಕನ್ನಡಗಳ ದೇಸಿ ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಇಷ್ಟೇ ಎಂದು ಎಣಿಸಿ ಹೇಳಲು ಹೊರಟರೆ ವಾಸುಕಿಯೂ ತಿಳಿಯಲಾರದೆ ಬೇಸತ್ತಾನು ಎಂಬ ಅರ್ಥದ್ದು. ಅಲ್ಲಿರುವುದು ಏಕವಚನದ ‘ಕನ್ನಡ’ವಲ್ಲ, ಬಹುವಚನದ ‘ಕನ್ನಡಂಗಳ್’.

ಹೊರಗಿನ ಲೋಕದಲ್ಲಿಯೂ ಕತೆ ಬೇರೆಯಿಲ್ಲ. ಇಂಗ್ಲಿಷಿನಲ್ಲಿ ಸ್ವರದ ನಂತರ ಬರುವ ರಕಾರವನ್ನು ನುಂಗಿ ಮಾತನಾಡುವುದು ಇಂಗ್ಲೆಂಡಿನಲ್ಲಿ ಪ್ರತಿಷ್ಠಿತರ ಉಚ್ಚಾರವಾದರೆ, ಅದೇ ರಕಾರವನ್ನು ಸ್ಪಷ್ಟವಾಗಿ ನುಡಿಯುವುದು ನ್ಯೂಯಾರ್ಕಿನಲ್ಲಿ ಪ್ರತಿಷ್ಠೆಯ ಗುರುತು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಅವರು 1962ರಲ್ಲಿ ಆ ನಗರದ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನೌಕರರು ‘ಫೋರ್ತ್ ಫ್ಲೋರ್’ ಎಂದು ಉತ್ತರಿಸಲೇಬೇಕಾದ ಪ್ರಶ್ನೆಯನ್ನು ಕೇಳುತ್ತ, ಅಂಗಡಿ ದುಬಾರಿಯಾದಷ್ಟೂ ರಕಾರ ಹೆಚ್ಚು ಕೇಳಿಬರುವುದನ್ನು ತೋರಿಸಿದರು. ಒಂದೇ ಧ್ವನಿ ಒಂದು ದೇಶದಲ್ಲಿ ಮೇಲು, ಇನ್ನೊಂದರಲ್ಲಿ ಕೀಳು ಎನಿಸಿಕೊಳ್ಳುವುದಾದರೆ ಆ ಮೇಲು ಕೀಳು ಧ್ವನಿಯಲ್ಲಿ ಇರಲಾರದು. ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥರೀನ್ ಕಿಂಜ್ಲರ್ ಮತ್ತು ಅವರ ಸಹೋದ್ಯೋಗಿ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಉತ್ತರದ ಇಲಿನಾಯ್ ಮತ್ತು ದಕ್ಷಿಣದ ಟೆನೆಸಿ ಮಕ್ಕಳಿಗೆ ಎರಡೂ ಪ್ರದೇಶಗಳ ಉಚ್ಚಾರಗಳನ್ನು ಕೇಳಿಸಿದಾಗ, ಐದಾರು ವರ್ಷದ ಮಕ್ಕಳಲ್ಲಿ ಯಾರು ಜಾಣರು, ಯಾರು ಒಳ್ಳೆಯವರು ಎಂಬ ಸಿದ್ಧ ತೀರ್ಮಾನ ಇನ್ನೂ ಮೂಡಿರಲಿಲ್ಲ. ಒಂಬತ್ತು ಹತ್ತು ವರ್ಷದ ಮಕ್ಕಳಾದರೋ ಉತ್ತರದ ಉಚ್ಚಾರದವರು ಜಾಣರೆಂದೂ ದಕ್ಷಿಣದವರು ಒಳ್ಳೆಯ ಸ್ವಭಾವದವರೆಂದೂ ಹೇಳಿದರು, ಮತ್ತು ಟೆನೆಸಿಯ ಮಕ್ಕಳೂ ಹಾಗೆಯೇ ಹೇಳಿದರು. ತಮ್ಮ ಮನೆಯವರ ಮಾತು ಪ್ರೀತಿಯದು ಹೌದು, ಬುದ್ಧಿವಂತರದ್ದಲ್ಲ ಎಂದು ಒಂದು ಮಗು ಆ ನಾಲ್ಕು ವರ್ಷಗಳಲ್ಲಿ ಎಲ್ಲಿಂದಲೋ ಕಲಿತಿರುತ್ತದೆ. ಹುಟ್ಟಿನಿಂದ ಬಾರದ ಈ ವಿದ್ಯೆಯನ್ನು ಕಲಿಸುವವರು ನಾವೇ: ಶಿಕ್ಷಕರು, ದೊಡ್ಡವರು, ಪರದೆಯ ಮೇಲೆ ಕಾಣುವವರು.

ನಮ್ಮಲ್ಲಿ ಅಂಥ ಅಧ್ಯಯನ ಮಾಡಿದರೆ ಫಲಿತಾಂಶ ಬಹಳ ಬೇರೆಯಾಗಿರಲಾರದೆಂದು ನನ್ನ ಅನುಭವ ಹೇಳುತ್ತದೆ. ‘ಉತ್ತರ ಕರ್ನಾಟಕದವರು ಮುಗ್ಧರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ’ ಎಂಬ ಹೊಗಳಿಕೆಯನ್ನು ನಾವು ಧಾರಾಳವಾಗಿ ಹಂಚುತ್ತೇವೆ. ಈ ಹೊಗಳಿಕೆಯನ್ನು ಪಡೆದವರನ್ನು ಕೇಳಿ ನೋಡಬೇಕು. ‘ಎಷ್ಟು ಚೆನ್ನಾಗಿ ಮಾತಾಡ್ತೀರಿ, ಇನ್ನೊಂದು ಸಲ ಹೇಳಿ’ ಎಂದು ಸಹೋದ್ಯೋಗಿಗಳು ಸುತ್ತ ನಿಂತು ಕೇಳುವಾಗ, ತಾನು ಹೇಳಿದ ವಿಷಯವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂಬುದು ಆ ಮನುಷ್ಯನಿಗೆ ಚೆನ್ನಾಗಿ ಅರ್ಥವಾಗಿರುತ್ತದೆ. ಮಂಗಳೂರಿನವರ ‘ಮಾರಾಯ್ರೇ’ ಎಂಬ ಪದವನ್ನು ಅವರ ಮುಂದೆಯೇ ಅನುಕರಿಸಿ ತೋರಿಸುವವರೂ ಇದ್ದಾರೆ. ಸಮಾನರಾದ ಗೆಳೆಯರ ನಡುವೆ ಇದು ಸಲಿಗೆ, ಅದನ್ನು ನಾನು ಬೇಡವೆನ್ನಲಾರೆ. ಮೇಲಧಿಕಾರಿ ಹೊಸ ನೌಕರನಿಗೆ, ಅಧ್ಯಾಪಕ ವಿದ್ಯಾರ್ಥಿಗೆ, ನಿರೂಪಕ ಅತಿಥಿಗೆ ಮಾಡಿದಾಗ ಸಲಿಗೆ ಒಂದೇ ಕಡೆಯದಾಗಿರುತ್ತದೆ.

ಅರ್ಥವಾಗದಿರುವುದರಿಂದ ಹುಟ್ಟುವ ಅಸಮಾಧಾನವೂ ಉಂಟು. ಧಾರವಾಡದ ಕಡೆಯವರು ‘ಬರ್ರಿ, ಕೂಡ್ರಿ’ ಎಂದಾಗ ದಕ್ಷಿಣದವರ ಕಿವಿಗೆ ಅದು ಅಪ್ಪಣೆಯಂತೆ ಬಡಿಯುತ್ತದೆ. ವಾಸ್ತವದಲ್ಲಿ ಅದು ‘ಬನ್ನಿ, ಕೂತ್ಕೊಳ್ಳಿ’ ಎಂಬಷ್ಟೇ ಮರ್ಯಾದೆಯ ಮಾತು, ಬಹುವಚನದ ಗುರುತು ಎರಡರಲ್ಲಿಯೂ ಇದೆ, ಅದರ ರೂಪ ಮಾತ್ರ ಬೇರೆ. ಕರಾವಳಿಯವರ ‘ನೀವು ಯಾವಾಗ ಬಂದದ್ದು?’ ಎಂಬ ಪ್ರಶ್ನೆ ಬಯಲುಸೀಮೆಯವರಿಗೆ ನಾಟಕದ ಸಂಭಾಷಣೆಯಂತೆ ಕೇಳಿಸುವುದಕ್ಕೂ ಕಾರಣವಿದೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ. ಅವರಿಗೆ ಕನ್ನಡ ಶಾಲೆಯಲ್ಲಿ, ಪುಸ್ತಕದ ಮೂಲಕ ಬಂದ ಭಾಷೆ. ಹಾಗಾಗಿ ಪುಸ್ತಕಕ್ಕೆ ಹತ್ತಿರವಾಗಿ ಮಾತನಾಡುತ್ತಾರೆ. ಪುಸ್ತಕದಂತೆ ಮಾತನಾಡಿದ್ದಕ್ಕೆ ಒಬ್ಬರನ್ನು ನಗುವುದು, ಪುಸ್ತಕದಂತೆ ಮಾತನಾಡಲಿಲ್ಲವೆಂದು ಇನ್ನೊಬ್ಬರನ್ನು ನಗುವುದು, ಎರಡನ್ನೂ ಒಂದೇ ಬಾಯಿ ಮಾಡುತ್ತಿದೆ.

1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್ ಮತ್ತು ಮದ್ರಾಸ್ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನೊಂದಿಗೆ ಸೇರಿದಾಗ, ಒಂದೊಂದು ಪ್ರದೇಶ ತನ್ನ ಹಿಂದಿನ ಆಡಳಿತ ಭಾಷೆಯ, ನೆರೆಭಾಷೆಯ ಗುರುತುಗಳನ್ನು ಮಾತಿನಲ್ಲಿ ಹೊತ್ತು ಬಂದಿತ್ತು. ಬೆಳಗಾವಿ ಕಡೆಯ ಮಾತಿನಲ್ಲಿ ಮರಾಠಿ, ಬೀದರ–ಕಲಬುರಗಿಯ ಮಾತಿನಲ್ಲಿ ನಿಜಾಮನ ಆಡಳಿತ ಭಾಷೆಯಾಗಿದ್ದ ಉರ್ದು ಬೆರೆತದ್ದು ಅಲ್ಲಿಯ ಜನ ಕೇಳಿಕೊಂಡು ಪಡೆದದ್ದಲ್ಲ. ಅಷ್ಟೆಲ್ಲದರ ನಡುವೆಯೂ ಅವರು ಕನ್ನಡವನ್ನು ಮನೆಯಲ್ಲಿ ಬಿಡದೆ ಉಳಿಸಿಕೊಂಡರು, ಏಕೀಕರಣದ ಬೇಡಿಕೆಗೆ ದೊಡ್ಡ ದನಿಯಾದರು. ರಾಜ್ಯ ಒಂದಾದ ಮೇಲೆ ಸಚಿವಾಲಯ, ಚಿತ್ರೋದ್ಯಮ, ಮುಂದೆ ಖಾಸಗಿ ವಾಹಿನಿಗಳು ಎಲ್ಲವೂ ಬೆಂಗಳೂರಿನಲ್ಲಿ ನೆಲೆಯೂರಿದವು. ಅಲ್ಲಿನ ನಗರವಾಸಿಗಳ ಮಾತು ಎಲ್ಲರ ಕಿವಿಗೂ ತಲುಪಿ ಮಾದರಿ ಎನಿಸಿತು, ಉಳಿದವರ ಮಾತಿಗೆ ತೆರೆಯ ಮೇಲೆ ಅಡುಗೆಯವರ, ಕಾವಲುಗಾರರ, ಪೋಲೀಸ್ ಪೇದೆಗಳ ಪಾತ್ರಗಳು ದೊರೆತವು. ಈಚಿನ ವರ್ಷಗಳಲ್ಲಿ ಕರಾವಳಿಯ ಕನ್ನಡವನ್ನೇ ನಾಯಕನ ಬಾಯಲ್ಲಿಟ್ಟ ಚಿತ್ರಗಳು ಬಂದು ಜನ ಮೆಚ್ಚಿದ್ದು ಸಮಾಧಾನದ ಸಂಗತಿ. ಕುಂದಾಪುರದವರು ಆಷಾಢ ಅಮಾವಾಸ್ಯೆಯಂದು ತಮ್ಮ ಕನ್ನಡದ ದಿನವನ್ನು ಆಚರಿಸುತ್ತಿರುವುದೂ ನನಗೆ ಸಂತೋಷ ತಂದಿದೆ.

ಸಾಹಿತ್ಯದಲ್ಲಿ ನಮ್ಮ ನಡವಳಿಕೆ ಬೇರೆಯೇ ಆಗಿದೆ ಎಂಬುದನ್ನು ನೋಡಿದಾಗ ನೋವು ಇನ್ನೂ ಹೆಚ್ಚುತ್ತದೆ. ಧಾರವಾಡದ ಮಾತಿನಲ್ಲಿ ಕಾವ್ಯ ಕಟ್ಟಿದ ದ.ರಾ. ಬೇಂದ್ರೆಯವರಿಗೆ 1973ರ ಸಾಲಿನ ಜ್ಞಾನಪೀಠ ಬಂದಾಗ ಇಡೀ ನಾಡು ಹೆಮ್ಮೆಪಟ್ಟಿತು. ಬೆಳಗಾವಿ ಸೀಮೆಯ ಜಾನಪದ ನುಡಿಯನ್ನು ರಂಗಕ್ಕೆ ತಂದ ಚಂದ್ರಶೇಖರ ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಸಂದಿತು. ಹಳೆಯ ಮೈಸೂರಿನ ದಲಿತ ಬದುಕಿನ ನುಡಿಗಟ್ಟಿನಲ್ಲಿ ಬರೆದ ದೇವನೂರ ಮಹಾದೇವ, ಕುಂದಾಪುರದ ಹೆಂಗಸರ ಮಾತನ್ನು ಕತೆಯಾಗಿಸಿದ ವೈದೇಹಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ ಪಡೆದರು. ಬೇಂದ್ರೆಯವರ ಪದ್ಯವನ್ನು ವೇದಿಕೆಯ ಮೇಲೆ ಹಾಡಿದಾಗ ಕಣ್ಣು ತುಂಬಿಕೊಳ್ಳುವ ಸಭೆಯೇ, ಅದೇ ಮಾತನ್ನು ಒಬ್ಬ ವಿದ್ಯಾರ್ಥಿನಿ ವಾದ ಮಂಡಿಸಲು ಬಳಸಿದಾಗ ನಕ್ಕಿತು. ಕಾವ್ಯಕ್ಕೆ ಯೋಗ್ಯವಾದ ನುಡಿ ಆಲೋಚನೆಗೆ ಹೇಗೆ ಅಯೋಗ್ಯವಾದೀತು?

ಎಲ್ಲರೂ ಎಲ್ಲ ಕಡೆಯೂ ತಮ್ಮ ತಮ್ಮ ಮಾತಿನಲ್ಲಿಯೇ ವ್ಯವಹರಿಸಲಿ ಎಂದು ನಾನು ವಾದಿಸುತ್ತಿಲ್ಲ. ಬೀದರದಿಂದ ಚಾಮರಾಜನಗರದವರೆಗೆ ಒಂದೇ ಪಠ್ಯಪುಸ್ತಕ, ಒಂದೇ ಸರ್ಕಾರಿ ಆದೇಶ, ಒಂದೇ ಸುದ್ದಿ ತಲುಪಬೇಕಾದರೆ ಎಲ್ಲರೂ ಒಪ್ಪಿದ ಬರಹದ ರೂಪವೊಂದು ಬೇಕೇ ಬೇಕು. ಅದನ್ನು ಕಲಿಸುವುದರಲ್ಲಿಯೇ ನನ್ನ ಆಯುಷ್ಯದ ಬಹುಭಾಗ ಕಳೆದಿದೆ, ಕಾಗುಣಿತದ ತಪ್ಪನ್ನು ನಾನು ಇಂದಿಗೂ ಸಹಿಸುವುದಿಲ್ಲ. ಆದರೆ ಶಿಷ್ಟ ಬರಹ ಯಾವ ಒಂದು ಊರಿನ ಸ್ವತ್ತೂ ಅಲ್ಲ. ಬೆಂಗಳೂರಿನವರು ‘ಹೋಗ್ತೀನಿ’ ಎನ್ನುತ್ತಾರೆ, ಮಂಗಳೂರಿನವರು ‘ಹೋಗ್ತೇನೆ’ ಎನ್ನುತ್ತಾರೆ, ಬರೆಯುವಾಗ ಇಬ್ಬರೂ ‘ಹೋಗುತ್ತೇನೆ’ ಎಂದೇ ಬರೆಯಬೇಕು. ಆ ರೂಪವನ್ನು ಕಲಿತವರು ಅದನ್ನು ತಮ್ಮ ಧಾಟಿಯಲ್ಲಿ ಓದಿದರೆ ಸುದ್ದಿಯೂ ಕೆಡುವುದಿಲ್ಲ, ಕಾನೂನೂ ಕೆಡುವುದಿಲ್ಲ. ವ್ಯಾಕರಣ, ಪದಗಳ ಆಯ್ಕೆ, ವಾದದ ಜೋಡಣೆ ಇವಕ್ಕೆ ಅಂಕ ಕೊಡಲಿ, ಕಳೆಯಲಿ. ರಾಗಕ್ಕೆ ಅಂಕ ಕಳೆಯುವುದು ಒಬ್ಬರು ಹುಟ್ಟಿದ ಊರಿಗೆ ಅಂಕ ಕಳೆದಂತೆ. ಭಾಷಾಸ್ಪರ್ಧೆಗಳನ್ನು ನಡೆಸುವವರು, ಸಂದರ್ಶನಕ್ಕೆ ಕೂರುವವರು ತಮ್ಮ ಪಟ್ಟಿಯಲ್ಲಿ ‘ಉಚ್ಚಾರ’ ಎಂಬುದರ ಅಡಿಯಲ್ಲಿ ತಾವು ಏನನ್ನು ಅಳೆಯುತ್ತೇವೆ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಈ ತೊಂದರೆಯ ದೊಡ್ಡ ಪಾಲು ತಪ್ಪುತ್ತದೆ. ಫ್ರಾನ್ಸಿನ ರಾಷ್ಟ್ರೀಯ ಅಸೆಂಬ್ಲಿಯು 2020ರ ನವೆಂಬರಿನಲ್ಲಿ ಉಚ್ಚಾರದ ಆಧಾರದ ಮೇಲಿನ ತಾರತಮ್ಯವನ್ನು ಶಿಕ್ಷಾರ್ಹವಾಗಿಸುವ ಮಸೂದೆಗೆ ಒಪ್ಪಿಗೆ ನೀಡಿತ್ತು. ನಮಗೆ ಕಾನೂನು ಬೇಕೆಂದು ನಾನು ಕೇಳುವುದಿಲ್ಲ. ಇದು ಶಾಸನ ಸಭೆಯವರೆಗೆ ಹೋಗಬಹುದಾದಷ್ಟು ಗಂಭೀರ ವಿಷಯವೆಂದು ಇನ್ನೊಂದು ಸಮಾಜ ಕಂಡುಕೊಂಡಿದೆ ಎಂಬುದನ್ನಷ್ಟೇ ಗಮನಕ್ಕೆ ತರುತ್ತಿದ್ದೇನೆ.

ಊರು ಬಿಟ್ಟು ಬಂದವರ ಪಾಡು ಎರಡು ಕಡೆಯೂ ಕಷ್ಟದ್ದು. ಇಲ್ಲಿ ನಗುವವರಿಗೆ ಅಂಜಿ ಮಾತು ಬದಲಿಸಿಕೊಂಡವರು ಹಬ್ಬಕ್ಕೆ ಊರಿಗೆ ಹೋದಾಗ ‘ಬೆಂಗಳೂರಿನ ಗಾಳಿ ಬಡಿದಿದೆ’ ಎಂಬ ಚುಚ್ಚುಮಾತು ಕೇಳುತ್ತಾರೆ. ಕಚೇರಿಯಲ್ಲಿ ಒಂದು ಧಾಟಿ, ತಾಯಿಯೊಂದಿಗೆ ಫೋನಿನಲ್ಲಿ ಇನ್ನೊಂದು ಧಾಟಿ ಎಂದು ಎರಡನ್ನೂ ನಿಭಾಯಿಸುವುದು ಸಣ್ಣ ಸಾಮರ್ಥ್ಯವಲ್ಲ. ಸಹೋದ್ಯೋಗಿಗಳು ಹತ್ತಿರವಿದ್ದಾರೆಂದು ತಾಯಿಯ ಫೋನನ್ನೇ ತೆಗೆಯದೆ ಬಿಡುವ ತರುಣರನ್ನು ಕಂಡಾಗ ಮಾತ್ರ ಅದನ್ನು ಸಾಮರ್ಥ್ಯವೆಂದು ಕರೆಯಲು ಮನಸ್ಸು ಬರುವುದಿಲ್ಲ. ತಮ್ಮ ಮಕ್ಕಳಿಗೆ ಮನೆಯ ಮಾತನ್ನು ಕಲಿಸದಿರಲು ಇಂಥವರು ನಿರ್ಧರಿಸಿದರೆ ಅವರನ್ನು ದೂರುವ ಹಕ್ಕು ನಮಗಿಲ್ಲ.

ಕೊನೆಯದಾಗಿ, ತಮ್ಮಂಥ ಸಂಪಾದಕರಲ್ಲಿಯೇ ಒಂದು ಕೋರಿಕೆ. ನಮ್ಮ ಪತ್ರಿಕೆಗಳಲ್ಲಿ ಒಂದು ರೂಢಿಯನ್ನು ಬಹುಕಾಲದಿಂದ ನೋಡುತ್ತಾ ಬಂದಿದ್ದೇನೆ. ಬರಗಾಲದ ವರದಿಯಲ್ಲಿ ರಾಯಚೂರಿನ ರೈತ ಮಹಿಳೆಯ ಹೇಳಿಕೆಯನ್ನು ‘ನೀರಿಲ್ರೀ ಸಾಹೇಬ್ರ, ಏನ್ ಮಾಡೋದ್ರೀ’ ಎಂದು ಆಕೆಯ ಉಚ್ಚಾರದಂತೆಯೇ ಅಚ್ಚು ಮಾಡುತ್ತಾರೆ. ಅದೇ ವರದಿಯ ಕೆಳಗೆ, ಅದೇ ಜಿಲ್ಲೆಯ ಜನಪ್ರತಿನಿಧಿ ಹೆಚ್ಚು ಕಡಿಮೆ ಅದೇ ಧಾಟಿಯಲ್ಲಿ ಆಡಿದ ಮಾತು ‘ಸಮಸ್ಯೆಯನ್ನು ಶೀಘ್ರವಾಗಿ ಬಗೆಹರಿಸಲಾಗುವುದು’ ಎಂಬ ಶಿಷ್ಟ ರೂಪ ಪಡೆದಿರುತ್ತದೆ. ಬರೆದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಆಕೆಯ ದನಿಯನ್ನು ಓದುಗರಿಗೆ ಹತ್ತಿರ ತರಬೇಕೆಂಬ ಆಸೆಯೇ ಇರಬಹುದು. ಆದರೆ ದಿನವೂ ಓದುವವರ ಮನಸ್ಸಿನಲ್ಲಿ ಉಳಿಯುವುದು, ಅಧಿಕಾರ ಇರುವವರು ಶುದ್ಧವಾಗಿ ಮಾತನಾಡುತ್ತಾರೆ, ಇಲ್ಲದವರು ಹಾಗೆ ಮಾತನಾಡುವುದಿಲ್ಲ ಎಂಬ ಚಿತ್ರ. ಇಬ್ಬರ ಮಾತನ್ನೂ ಅವರವರು ಆಡಿದಂತೆಯೇ ಮುದ್ರಿಸುವುದು, ಅಥವಾ ಇಬ್ಬರದನ್ನೂ ಶಿಷ್ಟ ರೂಪಕ್ಕೆ ತರುವುದು, ಈ ಎರಡರಲ್ಲಿ ಯಾವುದಾದರೂ ಒಂದು ನಿಯಮವನ್ನು ತಮ್ಮ ವರದಿಗಾರರಿಗೂ ಸುದ್ದಿ ತಿದ್ದುವವರಿಗೂ ತಾವು ಗೊತ್ತುಪಡಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ